ಗೆದ್ದವನು ಸೋತ

‘ಗೆದ್ದವನು ಸೋತ, ಸೋತವನು ಸತ್ತ.’ ಕೋರ್ಟು ಕಚೇರಿ ಅಲೆದು ಸುಸ್ತಾದವರ ಬಾಯಲ್ಲಿ ಈ ಮಾತು ಹೆಚ್ಚು. ಆದರೆ ಆನ್‌ಲೈನ್ ಜೂಜನ್ನು ನಿಷೇಧಿಸಬೇಕೋ, ಲೈಸೆನ್ಸ್ ಕೊಟ್ಟು ಹದ್ದುಬಸ್ತಿನಲ್ಲಿಡಬೇಕೋ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ನೆನಪಾಗುವುದು ಈ ಗಾದೆಯೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು.

ಗೆದ್ದದ್ದೆಲ್ಲ ವಕೀಲರ ಫೀಜಿಗೇ ಹೋಯಿತು ಎಂದು ಗಾದೆಯ ಮೊದಲರ್ಧಕ್ಕೆ ಅರ್ಥ ಹೇಳುವುದುಂಟು. ಅಷ್ಟು ಲೆಕ್ಕ ಹೇಳಲು ಗಾದೆ ಬೇಕಿರಲಿಲ್ಲ. ಇದು ರಾಜಿಯಾಗಿ ಎಂಬ ಬುದ್ಧಿಮಾತು ಅನ್ನುವವರೂ ಇದ್ದಾರೆ. ರಾಜಿಯ ಸೊಲ್ಲೇ ಇದರಲ್ಲಿಲ್ಲ. ಗಾದೆ ಗೆದ್ದವನನ್ನು ಮೊದಲು ಹಿಡಿದು ನಿಲ್ಲಿಸುತ್ತದೆ. ಜೂಜಿನಲ್ಲಿ ಸೋಲು ಶುರುವಾಗುವುದೇ ಗೆಲುವಿನಿಂದ.

ನಮ್ಮ ಬೀದಿಯ ಮೊಬೈಲ್ ರಿಪೇರಿ ಹುಡುಗ ಐಪಿಎಲ್ ನಡೆಯುವಾಗ ಒಂದು ಆ್ಯಪಿನಲ್ಲಿ ನಾಲ್ಕು ಸಾವಿರ ಗೆದ್ದ. ತಾಯಿಗೆ ಸೀರೆ ತಂದ. ಆಮೇಲೆ ಸೋತಾಗಲೆಲ್ಲ ಅವನ ಕಣ್ಣಮುಂದೆ ಇದ್ದದ್ದು ಆ ನಾಲ್ಕು ಸಾವಿರವೇ. ಅವನ ಫೋನು ನೋಡಿದೆ. ದುಡ್ಡು ಹಾಕಲು ಯುಪಿಐ ಪಿನ್ ಒತ್ತಿದರೆ ಸಾಕಿತ್ತು. ತೆಗೆಯಲು ಹೋದರೆ ಕೆವೈಸಿ, ಕನಿಷ್ಠ ಮೊತ್ತ, ಬೋನಸ್ ಆಡಿ ಮುಗಿಸಬೇಕೆಂಬ ಷರತ್ತು. ಗೆದ್ದ ಹಣ ಪರದೆಯ ಮೇಲೆ ಅಂಕಿಯಾಗಿಯೇ ಉಳಿದು ಮತ್ತೆ ಆಟಕ್ಕೇ ಹೋಗುತ್ತಿತ್ತು. ಮಳೆಗಾಲದ ಹೊತ್ತಿಗೆ ತಾಯಿಯ ಓಲೆ ಗಿರವಿ ಅಂಗಡಿ ಸೇರಿತ್ತು. ಮೊದಲ ದಿನವೇ ಸೋತಿದ್ದರೆ ಆ್ಯಪನ್ನು ಅಂದೇ ಅಳಿಸಿಹಾಕುತ್ತಿದ್ದ.

ಧರ್ಮರಾಯನ ಕಥೆಯಲ್ಲಿ ನಾವು ಮೊದಲ ದ್ಯೂತವನ್ನೇ ಹೆಚ್ಚು ನೆನೆಯುತ್ತೇವೆ. ಧೃತರಾಷ್ಟ್ರ ದ್ರೌಪದಿಗೆ ವರ ಕೊಟ್ಟು, ಕಳೆದದ್ದೆಲ್ಲವನ್ನೂ ಹಿಂದಿರುಗಿಸಿ ಕಳಿಸಿದ್ದ. ಊರ ದಾರಿ ಹಿಡಿದ ಧರ್ಮರಾಯ ಇನ್ನೊಮ್ಮೆ ಕರೆ ಬಂದಾಗ ಹಿಂದಿರುಗಿ ಬಂದು ಕೂತ. ಕಳೆದದ್ದು ಕೈಗೆ ಬಂದ ಮೇಲೂ ಆಡಿದ ಆ ಎರಡನೆಯ ಆಟ, ಅನುದ್ಯೂತವೇ ನನ್ನನ್ನು ಹೆಚ್ಚು ಹೆದರಿಸುತ್ತದೆ.

ನಿಯಂತ್ರಣ ಸಾಕು ಎನ್ನುವವರು ದಿನದ ಮಿತಿ, ವಯಸ್ಸಿನ ತಪಾಸಣೆ, ಎಚ್ಚರಿಕೆಯ ಸಾಲು ಎನ್ನುತ್ತಾರೆ. ಇವೆಲ್ಲ ಸೋಲಿಗೆ ಹಾಕುವ ಬೇಲಿ. ಗೆಲುವಿನ ರುಚಿಗೆ ಬೇಲಿಯಿಲ್ಲ. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿತು, 1967ರಲ್ಲಿ ರಮ್ಮಿಯನ್ನು ಕೌಶಲದ ಸಾಲಿಗೆ ಸೇರಿಸಿತು. ಕರ್ನಾಟಕದ 2021ರ ನಿಷೇಧ 2022ರ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದಾಗಲೂ ಈ ಭೇದವೇ ಕೆಲಸ ಮಾಡಿತು. ಆದರೆ ಸಾಲ ಕೊಟ್ಟವನು ಬಾಗಿಲು ಬಡಿಯುವಾಗ ರಮ್ಮಿಯಲ್ಲಿ ಸೋತೆಯೋ ಅಂದರ್ ಬಾಹರ್‌ನಲ್ಲಿ ಸೋತೆಯೋ ಎಂದು ಕೇಳುವುದಿಲ್ಲ.

ಗೆದ್ದವರ ಸಾಲಿನಲ್ಲಿ ಸರ್ಕಾರವೂ ಇದೆ. 2023ರ ಅಕ್ಟೋಬರ್‌ನಿಂದ ಪಣದ ಪೂರ್ತಿ ಮೊತ್ತಕ್ಕೆ ಶೇ 28ರಷ್ಟು ಜಿಎಸ್‌ಟಿ ಬಂತು. ವರ್ಷಕ್ಕೆ ಸುಮಾರು 45 ಕೋಟಿ ಜನ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರೆಂಬ ಅಂದಾಜೂ ಕೇಂದ್ರದ್ದೇ. ಬೊಕ್ಕಸಕ್ಕೆ ಒಮ್ಮೆ ರುಚಿ ಹತ್ತಿದರೆ ಆಟ ನಿಲ್ಲಿಸಲು ಆಳುವವರಿಗೇ ಮನಸ್ಸು ಬಾರದು. ಆದರೂ ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು, ಅದೇ ವರ್ಷ ಸಾರಾಯಿಯನ್ನೂ. ರಾಜ್ಯವೇನೂ ಮುಳುಗಲಿಲ್ಲ.

ನಿಷೇಧಿಸಿದರೆ ವಿದೇಶಿ ಆ್ಯಪು, ಟೆಲಿಗ್ರಾಂ ಗುಂಪು, ಊರ ಬುಕ್ಕಿ ಎಂದು ಕದ್ದು ಆಡುತ್ತಾರೆ ಎಂಬ ಮಾತು ಸುಳ್ಳಲ್ಲ. ಆದರೆ ಕದ್ದ ಆಟಕ್ಕೆ ಟೀವಿಯಲ್ಲಿ ರಾಜಾರೋಷವಾಗಿ ಕ್ರಿಕೆಟ್ ತಾರೆ ಬಂದು ಕರೆಯುವುದಿಲ್ಲ. ಮಟ್ಕಾದ ಓಸಿ ಚೀಟಿ ಬರೆಸುವವನಿಗೆ ತಾನು ಮಾಡುತ್ತಿರುವುದು ಏನೆಂದು ಗೊತ್ತಿರುತ್ತಿತ್ತು. ನಮ್ಮ ಬೀದಿಯ ಹುಡುಗ ಕೊನೆಯವರೆಗೂ ಅದನ್ನು ತನ್ನ ಕ್ರಿಕೆಟ್ ಜ್ಞಾನ ಎಂದೇ ನಂಬಿದ್ದ.

2025ರ ಕಾಯ್ದೆ ಆಡುವವನನ್ನು ಅಪರಾಧಿ ಮಾಡಿಲ್ಲ. ಆಡಿಸುವವನಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಇದು ಸರಿಯಾಗಿದೆ. ಆದರೆ ಈಗಾಗಲೇ ಸೋತು ಕೂತವರ ಗತಿ? ಗಾದೆಯ ಎರಡನೆಯ ಅರ್ಧ ಅಕ್ಷರಶಃ ನಿಜವಾದ ಮನೆಗಳು ನಮ್ಮಲ್ಲಿವೆ. ಮೊಬೈಲು, ಇಂಟರ್ನೆಟ್ ಗೀಳಿಗೆ ಬಿದ್ದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ಕ್ಲಿನಿಕ್ ಇದೆ. ರಾಯಚೂರಿನ ತಾಯಿಯೊಬ್ಬಳು ಮಗನನ್ನು ಕರೆದುಕೊಂಡು ಅಲ್ಲಿಯವರೆಗೆ ಬರಬೇಕೇ? ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇಂಥದೊಂದು ತೆರೆಯಲಿ, ಪಣದ ಮೇಲೆ ವಸೂಲಾದ ಜಿಎಸ್‌ಟಿಯಲ್ಲಿ ಒಂದು ಪಾಲನ್ನು ಅದಕ್ಕೆ ಎತ್ತಿಡಲಿ.