ಇಂದಿನ ಧಮ್ಮಚಿಂತನೆ: ತೊಟ್ಟಿ ಯಾರಿಗೆ ತಕ್ಕದ್ದು?





ಕಟಲ್‌ಫಿಶ್ ಎಂಬ ಕಡಲಜೀವಿ ನಮ್ಮ ಕರಾವಳಿಯವರಿಗೆ ಕಪ್ಪೆ ಬೊಂಡಾಸ್ ಆಗಿ ಪರಿಚಿತ. ಅಮೆರಿಕ, ಬ್ರಿಟನ್‌ಗಳಲ್ಲಿ ಕೆಲವರು ಅದನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುತ್ತಾರೆ. ಅಂಥ ವಿಡಿಯೋ ನೋಡಿದ ನಮ್ಮ ವೃತ್ತದ ಯುವಕನೊಬ್ಬ, "ಅಣ್ಣಾ, ಇದಕ್ಕೆ ಎಂಥ ತೊಟ್ಟಿ ಸರಿ?" ಎಂದು ಕೇಳಿದ.

ಓದಿ ತಿಳಿದದ್ದನ್ನು ಮೊದಲು ಹೇಳುತ್ತೇನೆ. ಅಂಗೈಯಲ್ಲಿ ಹಿಡಿಸುವ ಕುಬ್ಜ ಜಾತಿಯ ಒಂದೇ ಜೀವಿಗೂ ಕನಿಷ್ಠ 110 ಲೀಟರ್ ಉಪ್ಪುನೀರು ಬೇಕು. ತೊಟ್ಟಿ ಎತ್ತರಕ್ಕಿಂತ ಅಗಲವಾಗಿರಬೇಕು. ಬೆದರಿದಾಗ ಅದು ಹಿಂದಕ್ಕೆ ಚಿಮ್ಮುತ್ತದೆ. ಜಾಗ ಸಾಲದಿದ್ದರೆ ಗಾಜಿಗೆ ಬಡಿದು ಮೈಯ ಹಿಂತುದಿ ಗಾಯವಾಗುತ್ತದೆ. ಹೂತುಕೊಳ್ಳಲು ಮರಳು, ಅಡಗಲು ಕಲ್ಲುಸಂದಿ ಬೇಕು. ತಾಮ್ರ, ಅಮೋನಿಯಾ ಅದಕ್ಕೆ ವಿಷ. ಹಾಗಾಗಿ ಜೀವಿಯನ್ನು ತರುವ ಮೊದಲೇ ತಿಂಗಳುಗಟ್ಟಲೆ ನೀರನ್ನು ಹದಮಾಡಬೇಕು. ಇಷ್ಟೆಲ್ಲ ಮಾಡಿದರೂ ಅದರ ಆಯುಸ್ಸು ಸುಮಾರು ಒಂದು ವರ್ಷ.

ಅದು ಮಂಕು ಜೀವಿಯೂ ಅಲ್ಲ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೆಚ್ಚು ಇಷ್ಟದ ಆಹಾರಕ್ಕಾಗಿ ಎದುರಿಗಿದ್ದ ಆಹಾರವನ್ನು ಮುಟ್ಟದೆ ಕೆಲವು ಕಟಲ್‌ಫಿಶ್‌ಗಳು ಎರಡು ನಿಮಿಷದಷ್ಟು ಕಾದವು. ಬ್ರಿಟನ್ನಿನ 2022ರ ಕಾಯ್ದೆ ಈ ವರ್ಗದ ಜೀವಿಗಳಿಗೂ ಸುಖದುಃಖದ ಅನುಭವವಿದೆ ಎಂದು ಒಪ್ಪಿದೆ.

ಹಾಗಾದರೆ "ಸರಿಯಾದ ತೊಟ್ಟಿ" ಎಂದರೆ ಯಾರಿಗೆ ಸರಿ? ನಮ್ಮ ಹಜಾರದ ಮೂಲೆಗೋ, ಜೇಬಿಗೋ, ಆ ಜೀವಕ್ಕೋ?

ಊರಾಚೆಯ ಕೇರಿ ತೋರಿಸಿ "ನಿಮಗೆ ಇದೇ ತಕ್ಕ ಜಾಗ" ಎಂದವರು ನಮ್ಮ ಹಿರಿಯರನ್ನು ಕೇಳಿರಲಿಲ್ಲ. ಮನುಷ್ಯರ ನೋವನ್ನು ಪ್ರಾಣಿಯ ನೋವಿನ ಜೊತೆ ತೂಗುತ್ತಿಲ್ಲ. ದನಕರುಗಳಿಗೆ ಬಿಟ್ಟ ಕೆರೆಯ ನೀರನ್ನು ನಮಗೆ ಬಿಡದವರ ಪ್ರಾಣಿದಯೆ ಎಂಥದೆಂದು ನಮಗೆ ಗೊತ್ತು; ಅದಕ್ಕಾಗಿಯೇ 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಇಳಿದರು. ನಾನು ಹೇಳುವುದು ಇಷ್ಟೇ: ಇನ್ನೊಂದು ಜೀವದ ಜಾಗವನ್ನು ಅಳೆಯುವ ಅಧಿಕಾರ ನಮ್ಮ ಕೈಗೆ ಬಂದಾಗ, ಹೇಗೆ ಅಳೆಯಬಾರದು ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

"ಮೀನು ತಿನ್ನುವ ನಾವು ಇದನ್ನು ಕೇಳಬಹುದೇ?" ಎನ್ನಬಹುದು. ಕೇಳಬಹುದು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ಕುರುಡು ನಿಯಮವಾಗಿ ಅಲ್ಲ, ತತ್ವವಾಗಿ ವಿವರಿಸುತ್ತಾರೆ. ಅಗತ್ಯಕ್ಕಾಗಿ ಕೊಲ್ಲುವುದು ಬೇರೆ, ಕೊಲ್ಲಬೇಕೆಂಬ ಇಚ್ಛೆ ಬೇರೆ. ಹೊಟ್ಟೆಪಾಡಿಗೆ ಬಲೆ ಬೀಸುವವರ ಅಗತ್ಯ ನನಗೆ ಅರ್ಥವಾಗುತ್ತದೆ. ಹಜಾರದ ಅಂದಕ್ಕೆ ಒಂದು ಜೀವವನ್ನು ಸೆರೆಯಿಡುವುದರಲ್ಲಿ ಯಾವ ಅಗತ್ಯವಿದೆ? ಕರುಣೆ ಮನುಷ್ಯರವರೆಗೆ, ಮೈತ್ರಿ ಅದನ್ನೂ ದಾಟಿ ಸಕಲ ಜೀವಿಗಳವರೆಗೆ ಎಂಬ ಮಾತೂ ಅದೇ ಗ್ರಂಥದಲ್ಲಿದೆ. ನಾವು ಸ್ವೀಕರಿಸಿದ 22 ಪ್ರತಿಜ್ಞೆಗಳಲ್ಲಿ 13ನೆಯದೂ ಇದೇ.

ಆ ಯುವಕನಿಗೆ ನಾನು ಹೇಳಿದ್ದು: ಸಾಕಬೇಡ ತಮ್ಮಾ. ಅದರ ಮೇಲೆ ನಿನಗೆ ಹುಟ್ಟಿದ ಬೆರಗನ್ನು ಮಾತ್ರ ಬಿಡಬೇಡ.

ಇಂದಿನ ಅಭ್ಯಾಸ: ನಮ್ಮ ಅಧೀನದಲ್ಲಿರುವ ಒಂದು ಜೀವವನ್ನು, ಅದು ಕಟ್ಟಿಹಾಕಿದ ನಾಯಿಯಾಗಿರಲಿ, ತೊಟ್ಟಿಯ ಮೀನಾಗಿರಲಿ, ಐದು ನಿಮಿಷ ಸುಮ್ಮನೆ ನೋಡೋಣ. ಅದರ ಜಾಗವನ್ನು ಅದರ ಕಡೆಯಿಂದ ಅಳೆಯೋಣ.

ಎಲ್ಲರಿಗೂ ಮಂಗಳವಾಗಲಿ.
ಜೈ ಭೀಮ್. ನಮೋ ಬುದ್ಧಾಯ.