ಕುಡಿಯದವನ ಕಡಲೆಬೀಜ

ಕನ್ನಡದಲ್ಲಿ ‘ನೆಂಚಿಕೊಳ್ಳುವುದು’ ಎಂಬ ಚಂದದ ಕ್ರಿಯಾಪದವಿದೆ. ಮೊಸರನ್ನಕ್ಕೆ ಉಪ್ಪಿನಕಾಯಿ, ಉಪ್ಪಿಟ್ಟಿಗೆ ಚಟ್ನಿಪುಡಿ, ಮುದ್ದೆಯೂಟಕ್ಕೆ ಹಸಿ ಈರುಳ್ಳಿ ನೆಂಚಿಕೊಳ್ಳುತ್ತೇವೆ. ನೆಂಚಿಕೊಳ್ಳುವ ಪದಾರ್ಥಕ್ಕೆ ಸ್ವಂತ ಅಸ್ತಿತ್ವವಿಲ್ಲ, ಅದು ಯಾವಾಗಲೂ ಇನ್ನೊಂದರ ಪಕ್ಕದಲ್ಲೇ ಇರಬೇಕು. ಬರೀ ಉಪ್ಪಿನಕಾಯಿ ತಿನ್ನುವ ಮಗುವನ್ನು ಅಜ್ಜಿ ಗದರುವುದು ಅದಕ್ಕೇ. ಬಾರಿನ ಮೇಜಿಗೆ ಬರುವ ಮಸಾಲೆ ಕಡಲೆಬೀಜ, ಮಸಾಲೆ ಹಪ್ಪಳ, ಉಪ್ಪುಖಾರ ಸವರಿದ ಸೌತೆಕಾಯಿ, ಗೋಬಿ ಮಂಚೂರಿ, ಪೆಪ್ಪರ್ ಡ್ರೈ ಎಲ್ಲವೂ ಇದೇ ಕುಲಕ್ಕೆ ಸೇರಿದವು. ಹಾಗಿದ್ದರೆ ಮುಂದೆ ಗ್ಲಾಸೇ ಇಲ್ಲದ ಮನುಷ್ಯ ಆ ತಟ್ಟೆಯನ್ನು ತನ್ನತ್ತ ಎಳೆದುಕೊಂಡಾಗ, ಅವನು ಅದನ್ನು ಯಾವುದಕ್ಕೆ ನೆಂಚಿಕೊಳ್ಳುತ್ತಿದ್ದಾನೆ?

ಆ ಮನುಷ್ಯ ನಾನೇ. ಬೆಂಗಳೂರಿನ ಬಾರುಗಳಲ್ಲಿ ಲೈಮ್ ಸೋಡಾ ಹಿಡಿದು ಗೆಳೆಯರ ನಡುವೆ ಕೂತ ಸಂಜೆಗಳಿಗೆ ಲೆಕ್ಕವಿಲ್ಲ. ನನ್ನನ್ನು ಯಾರೂ ಕುಡಿ ಎಂದು ಒತ್ತಾಯಿಸುವುದಿಲ್ಲ. ಆದರೆ ಎರಡನೆಯ ತಟ್ಟೆ ಕಡಲೆಬೀಜ ಖಾಲಿಯಾದಾಗ ಎಲ್ಲರೂ ಒಟ್ಟಿಗೆ ನನ್ನ ಮುಖ ನೋಡುತ್ತಾರೆ. ಆ ನೋಟದಲ್ಲಿ ತಮಾಷೆಯೇ ಹೆಚ್ಚು. ಆದರೂ ಅದರಲ್ಲೊಂದು ನ್ಯಾಯವಾದ ಪ್ರಶ್ನೆ ಇದೆ.

ಈ ತಿಂಡಿಯ ವಂಶಾವಳಿ ದೊಡ್ಡದು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಾಗರಿಕನ ದಿನಚರಿಯನ್ನು ಹೇಳುವ ಅಧ್ಯಾಯವಿದೆ. ಅಲ್ಲಿ ಗೆಳೆಯರು ಒಬ್ಬರೊಬ್ಬರ ಮನೆಯಲ್ಲಿ ಸೇರುವ ಪಾನಗೋಷ್ಠಿಯ ಜೊತೆಗೇ ಉಪ್ಪು, ಹಣ್ಣು, ಸೊಪ್ಪು, ಕಹಿ, ಖಾರ, ಹುಳಿಯ ‘ಉಪದಂಶ’ಗಳ ಪ್ರಸ್ತಾಪವೂ ಬರುತ್ತದೆ. ಉಪದಂಶವೆಂದರೆ ನೆಂಚಿಕೊಳ್ಳುವುದೇ. ಅಂದರೆ ನಮ್ಮ ಮೆನು ಕಾರ್ಡ್ ಅಂದಿನಿಂದ ಅಷ್ಟೇನೂ ಬದಲಾಗಿಲ್ಲ.

ಬಾರಿನವನ ಲೆಕ್ಕವೂ ಸರಳ. ಉಪ್ಪು ತಿಂದವನಿಗೆ ಬಾಯಾರಿಕೆಯಾಗುತ್ತದೆ, ಬಾಯಾರಿದವನು ಇನ್ನೊಂದು ರೌಂಡ್ ಹೇಳುತ್ತಾನೆ. ಕಡಲೆಬೀಜ ಗಾಳಕ್ಕೆ ಚುಚ್ಚಿದ ಎರೆಹುಳು. ಕುಡಿಯದವನು ಎರೆಯನ್ನಷ್ಟೇ ತಿಂದು ಈಜಿಕೊಂಡು ಹೋಗುವ ಮೀನು. ಇಲ್ಲಿಯವರೆಗೆ ಇದು ಜಾಣತನದಂತೆ ಕಾಣುತ್ತದೆ. ಆದರೆ ಆ ತಟ್ಟೆಗೆ ಇನ್ನೊಂದು ಕೆಲಸವೂ ಇದೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ಯ ಸಣ್ಣ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ಅಮಲೂ ನಿಧಾನವಾಗಿ ಏರುತ್ತದೆ. ಹಾಗಾಗಿ ಕುಡಿಯದವನು ತಟ್ಟೆ ಬರಿದು ಮಾಡಿದರೆ ಗೆಳೆಯರಿಗೆ ಇದ್ದಬದ್ದ ರಕ್ಷಣೆಯನ್ನೂ ತಾನೇ ತಿಂದಂತಾಯಿತು.

ಬಿಲ್ ಬಂದಾಗ ಇನ್ನೊಂದು ತೊಡಕು. ಸಮನಾಗಿ ಹಂಚಿದರೆ ನಾನು ಕುಡಿಯದ ರಮ್ಮಿಗೆ ದುಡ್ಡು ಕೊಟ್ಟಂತೆ; ತಿಂದದ್ದಕ್ಕೆ ಮಾತ್ರ ಕೊಟ್ಟರೆ ಗೆಳೆತನದ ನಡುವೆ ತಕ್ಕಡಿ ತಂದಿಟ್ಟಂತೆ. ನಾವು ಒಂದು ದಾರಿ ಕಂಡುಕೊಂಡಿದ್ದೇವೆ: ತಿಂಡಿಯದೆಲ್ಲ ನನ್ನದು, ಕುಡಿತದ್ದೆಲ್ಲ ಅವರದು. ಪೂರ್ತಿ ನ್ಯಾಯವಲ್ಲದಿದ್ದರೂ ಇದರಿಂದ ಮೇಜಿನಲ್ಲಿ ಯಾರೂ ಋಣಿಯಾಗಿ ಏಳುವುದಿಲ್ಲ. ಒಂದೇ ಬಿಯರನ್ನು ಗಂಟೆಗಟ್ಟಲೆ ಹಿಡಿದು ಕೂರುವ, ಜೇಬಿನಲ್ಲಿ ಹೆಚ್ಚು ದುಡ್ಡಿಲ್ಲದ ಗೆಳೆಯನೂ ಸಂಕೋಚವಿಲ್ಲದೆ ತಟ್ಟೆಗೆ ಕೈಹಾಕಬಹುದು.

ಆದರೆ ಹಣದ ಋಣ ಇಲ್ಲಿ ಸಣ್ಣದು. ಕುಡಿಯದವನ ದೊಡ್ಡ ಅಪಾಯ ತನ್ನನ್ನು ತಾನು ಒಳ್ಳೆಯವನೆಂದುಕೊಳ್ಳುವುದು. ನನಗೆ ಮದ್ಯದ ರುಚಿ ಹಿಡಿಸಲಿಲ್ಲ, ಅಷ್ಟೇ. ಬದನೆಕಾಯಿ ಸೇರದವನನ್ನು ಯಾರೂ ವ್ರತಸ್ಥ ಎನ್ನುವುದಿಲ್ಲ. ಕುಡಿತದಿಂದ ಸಂಸಾರ ಕಳೆದುಕೊಳ್ಳುವ ಹಂತಕ್ಕೆ ಹೋಗಿ, ಅದನ್ನು ಬಿಟ್ಟು, ಈಗ ಅದೇ ಮೇಜಿನಲ್ಲಿ ಸೋಡಾ ಹಿಡಿದು ಕೂರುವವನಿದ್ದಾನಲ್ಲ, ಅವನ ಸೋಡಾಕ್ಕೆ ತೂಕವಿದೆ. ನನ್ನದಕ್ಕಿಲ್ಲ. ಬೇಕೆನಿಸದ್ದನ್ನು ಬಿಡುವುದು ತ್ಯಾಗವಲ್ಲ.

ಇಲ್ಲಿ ನನಗೆ ಪಂಪ ನೆನಪಾಗುತ್ತಾನೆ. ಅವನು ಜೈನ, ಮದ್ಯ ಮಾಂಸ ಮಧುಗಳನ್ನು ಬಿಡಬೇಕೆನ್ನುವ ಧರ್ಮದವನು. ಆದರೆ ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಹಾಗಾಗಿ 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯ ವರ್ಣನೆಯೂ ಸೇರಿಕೊಂಡಿತು. ಕುಡಿಯದವನೂ ಆ ಮೇಜಿಗೆ ಸಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಕನ್ನಡದಲ್ಲಿ ನನಗೆ ಬೇಡ. ಷರತ್ತು ಒಂದೇ, ಮೂಗು ಮುರಿಯದೆ ನೋಡಬೇಕು.

ನೋಡುವುದಕ್ಕಿಂತ ಕಷ್ಟದ ಕೆಲಸ ಕೇಳುವುದು. ನಾನು ಕಡಲೆಬೀಜವನ್ನು ನಿಜವಾಗಿ ನೆಂಚಿಕೊಳ್ಳುವುದು ಗೆಳೆಯರ ಮಾತಿಗೆ. ಮೊದಲ ರೌಂಡಿನಲ್ಲಿ ಆಫೀಸು, ಎರಡನೆಯದರಲ್ಲಿ ರಾಜಕೀಯ, ಮೂರನೆಯದರಲ್ಲಿ ಅಪ್ಪ. ಒಂದು ರಾತ್ರಿ ಗೆಳೆಯನೊಬ್ಬ, ತನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಬೇಗ ಮುಗಿದುಹೋಗಲಿ ಎಂದು ತಾನು ಬೇಡಿಕೊಂಡದ್ದನ್ನು ಹೇಳಿದ. ಉಳಿದವರು ಅವನ ಭುಜ ಹಿಡಿದು ಅತ್ತರು. ಮರುದಿನದ ಹೊತ್ತಿಗೆ ಅವರಿಗೆ ಅದು ಮಸುಕಾಗಿತ್ತು. ನನಗೆ ಪ್ರತಿ ಪದವೂ ನೆನಪಿತ್ತು. ಒಟ್ಟಿಗೆ ಕುಡಿಯುವವರು ಒಬ್ಬರ ಎದುರು ಒಬ್ಬರು ಸಮನಾಗಿ ಬಯಲಾಗುತ್ತಾರೆ, ಸಮನಾಗಿ ಮರೆಯುತ್ತಾರೆ. ಅವರ ನಡುವೆ ನಾನೊಬ್ಬ ಅಂಗಿಯ ಗುಂಡಿ ಬಿಚ್ಚದೆ ಕೂತವನು.

ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ಅಲ್ಸಿಬಿಯಾಡೀಸ್ ಚೆನ್ನಾಗಿ ಕುಡಿದು ಬಂದು, ಸಾಕ್ರಟೀಸ್ ತನ್ನನ್ನು ನಿರಾಕರಿಸಿದ ರಾತ್ರಿಯ ಅವಮಾನವನ್ನು ಎಲ್ಲರೆದುರು ಹೇಳಿಕೊಳ್ಳುತ್ತಾನೆ. ಹೇಳುವ ಮುನ್ನ, ಆಳುಗಳು ಕಿವಿಯ ಬಾಗಿಲು ಹಾಕಿಕೊಳ್ಳಲಿ ಎಂದು ಕೇಳಿಕೊಳ್ಳುತ್ತಾನೆ. ಆದರೆ ಆ ಗೋಷ್ಠಿಯ ಕಥೆ ಹೊರಗೆ ಬಂದದ್ದು ಆಳುಗಳಿಂದಲ್ಲ, ಅರಿಸ್ಟೋಡೆಮಸ್ ಎಂಬ ಅತಿಥಿಯಿಂದ. ಹೆಚ್ಚು ಕುಡಿಯಲಾರದವರ ಪಟ್ಟಿಯಲ್ಲಿ ಅವನ ಹೆಸರೂ ಇದೆ! ಒಬ್ಬ ಕುಡುಕನ ಸಂಕಟವನ್ನು ನಾವು ಇಂದಿಗೂ ಓದುತ್ತಿದ್ದೇವೆ. ಸಾಹಿತ್ಯಕ್ಕೆ ಅದು ಲಾಭ, ಅಲ್ಸಿಬಿಯಾಡೀಸ್‌ನನ್ನು ಯಾರೂ ಕೇಳಲಿಲ್ಲ.

ಕುಡಿಯದವನ ನಿಜವಾದ ವ್ರತ ಇರುವುದು ಇಲ್ಲಿ. ಕೀಲಿ ಕಿತ್ತುಕೊಂಡು ಗೆಳೆಯರನ್ನು ಮನೆಗೆ ಬಿಡುವುದು ಅವನ ಕಣ್ಣಿಗೆ ಕಾಣುವ ಕರ್ತವ್ಯ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ಮೀರಿದರೆ ಗಾಡಿ ಓಡಿಸಕೂಡದೆಂದು ಕಾನೂನೇ ಹೇಳುತ್ತದೆ. ಕೇಳಿದ ಮಾತನ್ನು ಬಂಡವಾಳ ಮಾಡಿಕೊಳ್ಳಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಜಗಳದಲ್ಲಿ ಅದನ್ನು ಹೊರತೆಗೆಯಬಾರದು, ಹೆಂಡತಿಗೂ ಹೇಳಬಾರದು, ಕಥೆಗೂ ಬಳಸಬಾರದು. ಮೇಲೆ ಹೇಳಿದ ಅಪ್ಪನ ಸಂಗತಿಯನ್ನು ಆ ಗೆಳೆಯನ ಒಪ್ಪಿಗೆ ಪಡೆದೇ ಬರೆದಿದ್ದೇನೆ.

ಮರುದಿನ ಬೆಳಿಗ್ಗೆ ಫೋನ್ ಬರುತ್ತದೆ: “ನಿನ್ನೆ ನಾನೇನಾದ್ರೂ ಜಾಸ್ತಿ ಮಾತಾಡಿದ್ನಾ?” ಇಲ್ಲ ಎಂದರೆ ಸುಳ್ಳು. ಅಷ್ಟೇ ಅಲ್ಲ, ಅವನು ಅಷ್ಟು ಕಷ್ಟಪಟ್ಟು ಆಡಿದ ಮಾತನ್ನೇ ಅಳಿಸಿದಂತೆ. ಎಲ್ಲವನ್ನೂ ಒಪ್ಪಿಸಿದರೆ ಅವನು ಆರೋಪಿ, ನಾನು ಸಾಕ್ಷಿ. ಅವನಿಗೆ ಬೇಕಾದದ್ದು ವರದಿಯಲ್ಲ, ನನ್ನ ಕಣ್ಣಲ್ಲಿ ತಾನು ನಿನ್ನೆಯವನೇ ಹೌದೋ ಅಲ್ಲವೋ ಎಂಬುದು. “ಮಾತಾಡಿದೆ, ಕೇಳಿಸ್ಕೊಂಡೆ. ಬೇಕಾದ್ರೆ ಒಂದಿನ ಕಾಫಿಗೆ ಸಿಕ್ಕು ಮತ್ತೆ ಮಾತಾಡೋಣ” ಎನ್ನುತ್ತೇನೆ. ಕೆಲವರು ಕಾಫಿಗೆ ಬರುತ್ತಾರೆ. ಬಾರದವರ ಮಾತು ನನ್ನಲ್ಲೇ ಇರುತ್ತದೆ, ಮುಂದಿನ ಶನಿವಾರ ತಟ್ಟೆಯನ್ನು ಅವರತ್ತ ಸ್ವಲ್ಪ ಸರಿಸಿ ಕೂರುತ್ತೇನೆ.