ಕುರ್ಚಿಯ ಬೆನ್ನು ಹಿಡಿದು

‘ಯಾರಿಗೂ ಭಾರವಾಗದೆ, ಕೈಕಾಲು ಆಡುತ್ತಿರುವಾಗಲೇ ಹೋಗಿಬಿಡಬೇಕು’ – ಪ್ರಾಯ ಸಂದವರು ನಮ್ಮ ಕಡೆ ಮತ್ತೆ ಮತ್ತೆ ಆಡುವ ಮಾತಿದು. ಕಾಸರಗೋಡಿನಲ್ಲಿ ಮನೆಮಾತು ಕನ್ನಡವಾಗಲಿ, ಮಲಯಾಳವಾಗಲಿ, ತುಳುವಾಗಲಿ, ಈ ಪ್ರಾರ್ಥನೆ ಮಾತ್ರ ಒಂದೇ. ಈಚಿನ ವರ್ಷಗಳಲ್ಲಿ ದೇವರಿಗಿಂತ ಮೊದಲೇ ಇದಕ್ಕೆ ಓಗೊಡುತ್ತಿರುವುದು ಹಿರಿಯರಿಗೆಂದೇ ತಯಾರಿಸಿದ ವ್ಯಾಯಾಮದ ವೀಡಿಯೊಗಳು. ಮನೆಯಲ್ಲೇ ಹತ್ತು ನಿಮಿಷ ಕೊಡಿ, ಯಾರ ಹಂಗೂ ಇಲ್ಲದೆ ಬದುಕಿ – ಇದು ಅವುಗಳ ವಾಗ್ದಾನದ ಸಾರ. ಮೊದಲರ್ಧವನ್ನು ನಾನು ಕೆಲವು ತಿಂಗಳಿಂದ ಪರೀಕ್ಷಿಸಿ ನೋಡುತ್ತಿದ್ದೇನೆ. ಎರಡನೆಯರ್ಧದ ಕುರಿತು ಯೋಚಿಸಬೇಕಾದದ್ದಿದೆ.

ಈ ಬಗೆಯ ಕಲಿಕೆ ತೀರಾ ಹೊಸದೇನಲ್ಲ. ಹಾಲಿವುಡ್ ನಟಿ ಜೇನ್ ಫೋಂಡಾ ವ್ಯಾಯಾಮದ ವೀಡಿಯೊ ಕ್ಯಾಸೆಟ್ ತಂದದ್ದು 1982ರಲ್ಲಿ. 1987ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಮೇರಿ ಆನ್ ವಿಲ್ಸನ್ ಎಂಬ ದಾದಿ ಹಿರಿಯರಿಗೆ ಕುರ್ಚಿಯಲ್ಲಿ ಕುಳಿತೇ ಮಾಡುವ ವ್ಯಾಯಾಮ ಕಲಿಸತೊಡಗಿದರು. 2010ರಲ್ಲಿ ಫೋಂಡಾ ಮತ್ತೆ ಬಂದರು, ಈ ಸಲ ಎಪ್ಪತ್ತು ದಾಟಿದ ಸ್ವಂತ ದೇಹದೊಂದಿಗೆ, ತಮ್ಮ ಪ್ರಾಯದವರಿಗಾಗಿ. ನಮ್ಮ ಅನೇಕ ಮನೆಗಳ ಒಳಗೆ ಇಂಥವು ಬಂದದ್ದು 2020ರಲ್ಲಿ. ಕೋವಿಡ್‌ಗೆ ಹೆದರಿ, ಕೇರಳದಲ್ಲಿ ಅರುವತ್ತು ದಾಟಿದವರನ್ನು ‘ರಿವರ್ಸ್ ಕ್ವಾರಂಟೈನ್’ ಎಂದು ಮನೆಯೊಳಗೇ ಇರಿಸಿದ ಕಾಲ. ಮಾರ್ಚ್ ಕೊನೆಗೆ ತಲಪಾಡಿಯ ಗಡಿಯೂ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಾವು ‘ನಮ್ಮ ದೇಹವನ್ನು ನಾವೇ ನೋಡಿಕೊಳ್ಳಬೇಕು’ ಎಂಬ ಮಾತಿನ ಅರ್ಥವನ್ನು ಚೆನ್ನಾಗಿಯೇ ತಿಳಿದೆವು.

ವ್ಯಾಯಾಮಗಳೇನೂ ಕಷ್ಟದವಲ್ಲ. ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಏಳುವುದು, ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು, ಒಂಟಿಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು. ಪ್ರಯೋಜನವಿದೆಯೇ ಎಂಬ ಸಂದೇಹವೂ ಬೇಡ. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಒಂದು ಅಧ್ಯಯನದಲ್ಲಿ, ಆರೈಕೆ ಕೇಂದ್ರದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲರು ಎಂಟು ವಾರ ಭಾರದ ವ್ಯಾಯಾಮ ಮಾಡಿದಾಗ ಅವರ ಕಾಲಿನ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ಬಿಟ್ಟ ಮೇಲೆ ಮತ್ತೆ ಕುಗ್ಗಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ವಾರಕ್ಕೆ 150 ನಿಮಿಷವಾದರೂ ಸಾಧಾರಣ ಶ್ರಮದ ಚಟುವಟಿಕೆಯನ್ನೂ, ಮೂರು ದಿನವಾದರೂ ಸಮತೋಲ ಮತ್ತು ಬಲವನ್ನು ಕಾಯುವ ವ್ಯಾಯಾಮವನ್ನೂ ಹೇಳಿದೆ. ಮೆಟ್ಟಲು ಹತ್ತುವಾಗ ನನ್ನ ಮೊಣಕಾಲು ಈಗ ಮೊದಲಿನಷ್ಟು ದೂರುವುದಿಲ್ಲ.

ತೊಡಕು ಬರುವುದು ವಾಗ್ದಾನದ ಎರಡನೆಯರ್ಧದಲ್ಲಿ. ಹಂಗಿಲ್ಲದೆ ಬದುಕುವುದನ್ನೇ ಒಂದು ಸದ್ಗುಣವೆಂದು ಕೊಂಡಾಡತೊಡಗಿದರೆ, ಹಂಗಿಗೆ ಬಿದ್ದವರ ಗತಿಯೇನು? ದೃಢಕಾಯದವರು ಶ್ರದ್ಧಾವಂತರೆಂದಾದರೆ, ಬಿದ್ದವರು ಸೋಮಾರಿಗಳೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅದು ತಾನಾಗಿಯೇ ಹಿಂಬಾಲಿಸುತ್ತದೆ. ಜೀವಮಾನವಿಡೀ ಗದ್ದೆಯಲ್ಲಿ ಬಗ್ಗಿ ನೇಜಿ ನೆಟ್ಟವಳ ಬೆನ್ನು ಬಾಗಿದ್ದು ವ್ಯಾಯಾಮ ಸಾಲದೆಯೇ? ದುಡಿದು ಸವೆದ ದೇಹಕ್ಕೂ ದುಡಿಯದೆ ಸಡಿಲಿದ ದೇಹಕ್ಕೂ ಪರದೆಯ ಮೇಲಿನ ಉಪದೇಶ ಒಂದೇ.

ಉತ್ತರ ಮಲಬಾರಿನ ಕಳರಿಯಲ್ಲಿ ಗುರುಕ್ಕಳ್ ‘ವಾಯ್ತಾರಿ’ ಹೇಳುತ್ತಾರೆ. ಆ ಮಾತಿಗೆ ಸರಿಯಾಗಿ ಶಿಷ್ಯನ ಮೈ ಚಲಿಸುತ್ತದೆ. ವೀಡಿಯೊದಲ್ಲಿಯೂ ವಾಯ್ತಾರಿಯಿದೆ, ಕಣ್ಣು ಮಾತ್ರ ಇಲ್ಲ. ನಾನು ಕಾಲೆತ್ತಿದರೂ ಎತ್ತದಿದ್ದರೂ ಆಕೆ ‘ವಳರೆ ನನ್ನಾಯಿ’ ಎಂದು ನಗುತ್ತಾರೆ. ನೋಡದೆ ಕೊಡುವ ಈ ಮೆಚ್ಚುಗೆಯಿಂದ ಉತ್ಸಾಹ ಬರುವುದು ನಿಜ. ಆದರೆ ಅದು ಯಾರಿಗೂ ಸಲ್ಲುವ ಮೆಚ್ಚುಗೆ.

ನಮ್ಮ ಮನೆಯಲ್ಲಿ ಕಣ್ಣಿನ ಕೆಲಸವನ್ನು ವಹಿಸಿಕೊಂಡವಳು ನನ್ನ ಅಕ್ಕ. ಸೊಂಟದ ಎಲುಬು ಮುರಿದ ಮೇಲೆ ಅವಳಿಗೆ ಮಂಚವೇ ಮನೆ. ‘ನೀನು ಮಾಡು, ನಾನು ಎಣಿಸುತ್ತೇನೆ’ ಎಂದಳು. ಪರದೆಯವರು ಮಲಯಾಳದಲ್ಲಿ ಎಣಿಸುವಾಗ ಅಕ್ಕ ಕನ್ನಡದಲ್ಲಿ ಎಣಿಸುತ್ತಾಳೆ. ಅವರು ಹತ್ತಕ್ಕೆ ಮುಗಿಸಿದಾಗ ಇವಳದ್ದು ಏಳೇ ಆಗಿರುತ್ತದೆ, ಸರಿಯಾಗಿ ಏಳದ ಮೂರನ್ನು ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇವರಲ್ಲಿ ಯಾರು ಯಾರಿಗೆ ಭಾರ? ಅವಳನ್ನು ಎಬ್ಬಿಸಿ ಕೂರಿಸಲು ನನ್ನ ಕಾಲಿಗೆ ಬಲ ಬೇಕು. ಆ ಬಲ ಬರುವುದು ಅವಳ ಎಣಿಕೆಯಿಂದ.

ದೇಹವೇ ಧರ್ಮದ ಮೊದಲ ಸಾಧನವೆಂಬ ಮಾತನ್ನು ವ್ಯಾಯಾಮದ ಪ್ರಚಾರಕರು ಧಾರಾಳವಾಗಿ ಬಳಸುತ್ತಾರೆ. ಅದು ಕಾಳಿದಾಸನ ‘ಕುಮಾರಸಂಭವ’ದ್ದು, ಕಠಿನ ತಪಸ್ಸಿನಲ್ಲಿದ್ದ ಪಾರ್ವತಿಗೆ ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವ ಹೇಳಿದ್ದು. ಅಲ್ಲಿ ದೇಹ ಸಾಧನ, ಧರ್ಮ ಗುರಿ. ಹಾಗಾದರೆ ಎಪ್ಪತ್ತರ ದೇಹವನ್ನು ಯಾವ ಧರ್ಮಕ್ಕಾಗಿ ಕಾಪಾಡಬೇಕು? ಇನ್ನೊಬ್ಬರು ಬೇಡವೆನಿಸುವುದಕ್ಕಾಗಿ ಎಂದಾದರೆ ಅದು ಧರ್ಮವೆನಿಸದು, ಬರಿಯ ಅಭಿಮಾನ. ಒಬ್ಬರಿಗೆ ಒಂದು ತಂಬಿಗೆ ನೀರು ತಂದುಕೊಡುವುದಕ್ಕಾಗಿ ಎಂದಾದರೆ ಹತ್ತು ನಿಮಿಷ ಹೆಚ್ಚಲ್ಲ.

ಈ ವೀಡಿಯೊಗಳಲ್ಲಿ ನನಗೆ ಬಹಳ ಹಿಡಿಸಿದ ಮಾತು ಒಂದಿದೆ: ‘ಕುರ್ಚಿ ಹತ್ತಿರವಿರಲಿ, ಬೇಕಾದಾಗ ಹಿಡಿದುಕೊಳ್ಳಿ.’ ಹಿಡಿದುಕೊಂಡವರು ಸೋತವರೆಂದು ಅಲ್ಲಿ ಯಾರೂ ಹೇಳುವುದಿಲ್ಲ. ಕುರ್ಚಿಗೆ ಒಪ್ಪುವ ಈ ಮಾತು ಮನುಷ್ಯರಿಗೂ ಒಪ್ಪಬೇಕು. ಮಗನ ಹೆಗಲು, ಸೊಸೆಯ ಕೈ, ನೆರೆಮನೆಯ ಹುಡುಗನ ತೋಳು ಹಿಡಿಯಬೇಕಾದ ದಿನ ಬಂದೇ ಬರುತ್ತದೆ. ಅಂದು ನಾಚದೆ, ಮುನಿಯದೆ ಹಿಡಿದುಕೊಳ್ಳುವುದಕ್ಕೂ ಅಭ್ಯಾಸ ಬೇಕು. ಅದನ್ನು ಕಲಿಸುವ ವೀಡಿಯೊ ನನ್ನ ಕಣ್ಣಿಗೆ ಬಿದ್ದಿಲ್ಲ. ಮಂಚದಲ್ಲಿ ಮಲಗಿ ಎಣಿಸುವ ಅಕ್ಕನಿಂದ ನಾನು ಕಲಿಯುತ್ತಿದ್ದೇನೆ.